ಮಗುವಿನ ಕಾಲಿಂದ ಚಪ್ಪಲಿ ಪದೇ ಪದೇ ಜಾರ್ತಿದೆಯಾ? ವಯಸ್ಸಿನ ಜೊತೆ ನಡಿಗೆ ಬದಲಾಯಿಸೋ ನರದ ಕಾಯಿಲೆ ‘ಸಿಎಂಟಿ’ ಬಗ್ಗೆ ಪೂರ್ತಿ ಮಾಹಿತಿ ಇಲ್ಲಿದೆ

ಆರೇಳು ವರ್ಷದ ಮಗು ಓಡುವಾಗ ಪದೇ ಪದೇ ಎಡವಿ ಬೀಳುತ್ತೆ. ಹವಾಯಿ ಚಪ್ಪಲಿ ಹಾಕಿದ್ರೆ ಕಾಲಲ್ಲಿ ನಿಲ್ಲೋದೇ ಇಲ್ಲ. ಹೊಸ ಶೂ ಮೂರು ತಿಂಗಳಿಗೇ ಹೊರಗಿನ ಅಂಚಲ್ಲಿ ಸವೆದು ಹೋಗುತ್ತೆ. ಮನೆಯಲ್ಲಿ ‘ನೋಡ್ಕೊಂಡು ನಡಿ’ ಅಂತ ಬೈಗುಳ, ಶಾಲೆಯಲ್ಲಿ ‘ಸೋಮಾರಿ’ ಅನ್ನೋ ಹೆಸರು. ದೊಡ್ಡವರಾದ ಮೇಲೆ ಸರಿ ಹೋಗುತ್ತೆ ಅಂತ ಎಲ್ಲರೂ ಸುಮ್ಮನಿರ್ತಾರೆ.

ಹೆಚ್ಚಿನ ಮಕ್ಕಳಲ್ಲಿ ಅದು ನಿಜವೂ ಹೌದು, ವಯಸ್ಸಾದಂತೆ ನಡಿಗೆ ಗಟ್ಟಿಯಾಗುತ್ತೆ. ಆದರೆ ಕೆಲವು ಮಕ್ಕಳಲ್ಲಿ ಉಲ್ಟಾ ಆಗುತ್ತೆ. ವರ್ಷ ಕಳೆದಂತೆ ಎಡವೋದು ಕಡಿಮೆಯಾಗದೆ ಜಾಸ್ತಿಯಾಗುತ್ತೆ, ಪಾದದ ಆಕಾರವೇ ಬದಲಾಗುತ್ತೆ, ಮೀನಖಂಡ ಸಣ್ಣಗಾಗುತ್ತೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಇರೋದು ವಂಶಪಾರಂಪರ್ಯವಾಗಿ ಬರುವ ನರದ ಕಾಯಿಲೆ. ಅದರ ಹೆಸರು ಚಾರ್ಕೋ-ಮರಿ-ಟೂತ್, ಚಿಕ್ಕದಾಗಿ ಸಿಎಂಟಿ.

ಇದನ್ನು ಪೂರ್ತಿ ವಾಸಿ ಮಾಡೋ ಔಷಧಿ ಇವತ್ತಿಗೂ ಇಲ್ಲ. ಆದರೆ ಬೇಗ ಗೊತ್ತಾದರೆ ಮಗುವಿನ ಕಾಲು ಬಿಗಿಯಾಗೋದನ್ನು, ಸೊಟ್ಟಗಾಗೋದನ್ನು ಸಾಕಷ್ಟು ತಡೆಯಬಹುದು. ತಡವಾದಷ್ಟೂ ಈ ಅವಕಾಶ ಕೈ ಜಾರುತ್ತೆ. ಹಾಗಾಗಿ ಪೋಷಕರು, ಶಿಕ್ಷಕರು ಮಾತ್ರವಲ್ಲ, ಚಪ್ಪಲಿ ಅಂಗಡಿಯವರೂ ಇದನ್ನು ತಿಳಿದುಕೊಂಡಿದ್ದರೆ ಒಳ್ಳೆಯದು.

ಏನಿದು ಸಿಎಂಟಿ?

ಟೂತ್ ಅಂದ ತಕ್ಷಣ ಹಲ್ಲಿನ ಕಾಯಿಲೆ ಅಂದುಕೊಳ್ಳಬೇಡಿ. 1886ರಲ್ಲಿ ಫ್ರಾನ್ಸಿನ ಜೀನ್ ಮಾರ್ಟಿನ್ ಚಾರ್ಕೋ ಮತ್ತು ಪಿಯರ್ ಮರಿ, ಅದೇ ವರ್ಷ ಇಂಗ್ಲೆಂಡಿನ ಹೋವರ್ಡ್ ಹೆನ್ರಿ ಟೂತ್ ಎಂಬ ವೈದ್ಯರು ಈ ಕಾಯಿಲೆಯನ್ನು ವಿವರಿಸಿದರು. ಮೂವರ ಹೆಸರೂ ಸೇರಿ ಕಾಯಿಲೆಗೆ ಈ ಹೆಸರು ಬಂತು.

ಸಾಮಾನ್ಯವಾಗಿ ಹೇಳುವ ಲೆಕ್ಕದ ಪ್ರಕಾರ ಸುಮಾರು 2,500 ಜನರಲ್ಲಿ ಒಬ್ಬರಿಗೆ ಇದು ಇರುತ್ತೆ. ವಂಶಪಾರಂಪರ್ಯ ನರದ ಕಾಯಿಲೆಗಳ ಪೈಕಿ ಇದೇ ಹೆಚ್ಚಾಗಿ ಕಾಣಿಸೋದು. ಇದೇ ಲೆಕ್ಕ ಹಿಡಿದರೆ ಎರಡು ಲಕ್ಷ ಜನ ಇರುವ ತಾಲೂಕಿನಲ್ಲಿ 80 ಮಂದಿ ಇರಬಹುದು. ಅವರಲ್ಲಿ ಎಷ್ಟೋ ಜನ ‘ಕಾಲು ಸ್ವಲ್ಪ ವೀಕು’ ಅಂದುಕೊಂಡೇ ಬದುಕು ಸಾಗಿಸ್ತಾ ಇರ್ತಾರೆ.

ಕಾಲಿನಿಂದಲೇ ಯಾಕೆ ಶುರುವಾಗುತ್ತೆ?

ಕರೆಂಟ್ ವೈರ್ ನೋಡಿದ್ದೀರಲ್ಲ. ಒಳಗೆ ತಾಮ್ರದ ತಂತಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ನಮ್ಮ ನರವೂ ಹೆಚ್ಚುಕಡಿಮೆ ಹಾಗೇ. ಒಳಗೆ ಸಂದೇಶ ಸಾಗಿಸುವ ಎಳೆ, ಅದರ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ಈ ಹೊದಿಕೆ ಇರೋದರಿಂದಲೇ ಸಂದೇಶ ವೇಗವಾಗಿ ಹೋಗುತ್ತೆ. ಆರೋಗ್ಯವಾಗಿರುವವರ ಕೈ ನರದಲ್ಲಿ ಸಂದೇಶ ಸೆಕೆಂಡಿಗೆ 50 ಮೀಟರ್‌ಗೂ ಹೆಚ್ಚು ವೇಗದಲ್ಲಿ ಓಡುತ್ತೆ. ಸಿಎಂಟಿಯ ಸಾಮಾನ್ಯ ವಿಧದಲ್ಲಿ ಈ ವೇಗ 20 ಮೀಟರ್ ಆಸುಪಾಸಿಗೆ ಇಳಿದಿರುತ್ತೆ.

ಸಿಎಂಟಿಯಲ್ಲಿ ಕೆಲವರಿಗೆ ಹೊದಿಕೆಯೇ ಸರಿ ಇರಲ್ಲ, ಇನ್ನು ಕೆಲವರಿಗೆ ಒಳಗಿನ ಎಳೆಯೇ ಹಾಳಾಗುತ್ತೆ. ಹೊದಿಕೆ ಕೆಟ್ಟವರಲ್ಲೂ ಕಾಲ ಕಳೆದಂತೆ ಎಳೆ ಸೊರಗುತ್ತೆ. ಆಗಲೇ ಶಕ್ತಿ ಕುಂದೋದು.

ಇನ್ನು ಪಾದವೇ ಯಾಕೆ ಮೊದಲು? ನಾಲೆ ನೀರನ್ನು ನೆನಪಿಸಿಕೊಳ್ಳಿ. ನಾಲೆಯಲ್ಲಿ ಏನೇ ತೊಂದರೆ ಆದರೂ ಮೊದಲು ಪೆಟ್ಟು ತಿನ್ನೋದು ಕೊನೇ ಭಾಗದ ರೈತರೇ. ದೇಹದಲ್ಲಿ ಅತಿ ಉದ್ದದ ನರಗಳು ಇರೋದು ಸೊಂಟದಿಂದ ಪಾದದವರೆಗೆ. ಹಾಗಾಗಿ ಮೊದಲು ಸೊರಗೋದು ಪಾದ, ಆಮೇಲೆ ಮೊಣಕಾಲಿನ ಕೆಳಗಿನ ಭಾಗ. ಕೈಬೆರಳಿಗೆ ಹೋಗುವ ನರ ಸ್ವಲ್ಪ ಗಿಡ್ಡ, ಅದರ ಸರದಿ ನಂತರ ಬರುತ್ತೆ. ತೊಡೆ, ಭುಜ ಸಾಮಾನ್ಯವಾಗಿ ಗಟ್ಟಿಯಾಗೇ ಉಳಿಯುತ್ತವೆ.

ವಯಸ್ಸಿನ ಜೊತೆ ನಡಿಗೆ ಹೇಗೆ ಬದಲಾಗುತ್ತೆ?

ಎಲ್ಲ ಮಕ್ಕಳಲ್ಲೂ ಒಂದೇ ಥರ ಇರಲ್ಲ. ಒಂದೇ ಮನೆಯ ಅಣ್ಣನಿಗೆ ಜಾಸ್ತಿ, ತಂಗಿಗೆ ಕಡಿಮೆ ಇರಬಹುದು. ಆದರೂ ಸಾಮಾನ್ಯವಾಗಿ ಕಾಣುವ ಹಾದಿ ಹೀಗಿದೆ.

*ನಡೆಯಲು ಕಲಿತಾಗಿಂದ 4 ವರ್ಷದವರೆಗೆ:* ಬಹುಪಾಲು ಮಕ್ಕಳು ಸರಿಯಾದ ವಯಸ್ಸಿಗೇ ನಡೆಯಲು ಕಲೀತಾರೆ, ಕೆಲವರು ಸ್ವಲ್ಪ ತಡ. ಕೆಲವರು ತುದಿಗಾಲಲ್ಲಿ ಓಡಾಡ್ತಾರೆ. ಈ ವಯಸ್ಸಲ್ಲಿ ಪಾದ ಚಪ್ಪಟೆಯಾಗೂ ಇರಬಹುದು. ಹಾಗಾಗಿ ಯಾರಿಗೂ ಅನುಮಾನ ಬರಲ್ಲ, ಬರಬೇಕು ಅಂತ ನಿರೀಕ್ಷಿಸೋದೂ ತಪ್ಪು.

*5ರಿಂದ 8 ವರ್ಷ:* ಓಡುವ ಆಟದಲ್ಲಿ ಹಿಂದೆ ಬೀಳ್ತಾರೆ. ಕಾಲು ಪದೇ ಪದೇ ಉಳುಕುತ್ತೆ, ಅದೂ ಒಳಮುಖವಾಗಿ ಮಗುಚಿಕೊಂಡು. ಕುಂಟೆಬಿಲ್ಲೆ ಆಡುವಾಗ ಒಂಟಿ ಕಾಲಲ್ಲಿ ನಿಲ್ಲಲು ಆಗಲ್ಲ. ಹಿಮ್ಮಡಿ ಮಾತ್ರ ಊರಿ, ಪಾದದ ಮುಂಭಾಗ ಎತ್ತಿ ನಡಿ ಅಂದ್ರೆ ಆಗಲ್ಲ. ಪಾದವನ್ನು ಮೇಲೆತ್ತುವ ಸ್ನಾಯು ಸೋಲ್ತಿದೆ ಅನ್ನೋದಕ್ಕೆ ಇದು ಮೊದಲ ಸುಳಿವುಗಳಲ್ಲಿ ಒಂದು.

*9ರಿಂದ 12 ವರ್ಷ:* ಪಾದದ ಒಳಗಿನ ಕಮಾನು ಮೇಲೇರುತ್ತೆ. ಕಾಲ್ಬೆರಳು ಕೊಕ್ಕೆಯಂತೆ ಬಾಗುತ್ತವೆ. ಹಿಮ್ಮಡಿ ಒಳಕ್ಕೆ ವಾಲುತ್ತೆ, ಭಾರವೆಲ್ಲ ಪಾದದ ಹೊರ ಅಂಚಿಗೆ ಬಿದ್ದು ಅಲ್ಲಿ ಜಡ್ಡುಗಟ್ಟುತ್ತೆ. ನಡೆಯುವಾಗ ಪಾದದ ತುದಿ ಜೋತು ಬೀಳೋದರಿಂದ ನೆಲಕ್ಕೆ ತಾಗದಿರಲಿ ಅಂತ ಮಗು ಮೊಣಕಾಲನ್ನು ಎತ್ತೆತ್ತಿ ಹಾಕುತ್ತೆ. ಕೊಕ್ಕರೆ ಗದ್ದೆಯಲ್ಲಿ ಕಾಲೆತ್ತಿ ಇಡುತ್ತಲ್ಲ, ಆ ಥರ. ಪಾದ ನೆಲಕ್ಕೆ ಬಿದ್ದಾಗ ‘ಟಪ್’ ಅಂತ ಸದ್ದು ಕೇಳಿಸುತ್ತೆ.

*13ರಿಂದ 18 ವರ್ಷ:* ಮಕ್ಕಳು ಏಕಾಏಕಿ ಉದ್ದ ಬೆಳೆಯುವ ಕಾಲ. ಮೂಳೆ ಬೆಳೆದಷ್ಟು ವೇಗವಾಗಿ ಬಿಗಿದ ಸ್ನಾಯು ಹಿಗ್ಗಲ್ಲ. ಹಾಗಾಗಿ ಮೀನಖಂಡ, ಹಿಮ್ಮಡಿ ನರ ಅಂತ ಜನ ಕರೆಯೋ ದಪ್ಪ ಪಟ್ಟಿ ಇನ್ನೂ ಬಿಗಿಯುತ್ತೆ. ಪಾದದ ಸೊಟ್ಟ ಈ ಸಮಯದಲ್ಲಿ ಬೇಗ ಹೆಚ್ಚಬಹುದು. ಕೆಲವರಿಗೆ ಮುಂದಕ್ಕೆ ನೂಕುವ ಶಕ್ತಿಯೂ ಕಡಿಮೆಯಾಗಿ, ಮೆಟ್ಟಿಲು ಹತ್ತೋದು, ಬಸ್ ಹಿಡಿಯಲು ಓಡೋದು ಕಷ್ಟವಾಗುತ್ತೆ. ಸಂಜೆ ಹೊತ್ತಿಗೆ ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳೋದು ಸಾಮಾನ್ಯ. ಕೈಗೂ ಬಂದಿದ್ದರೆ ಗುಂಡಿ ಹಾಕಲು, ಬಾಟಲಿ ಮುಚ್ಚಳ ತೆಗೆಯಲು, ಪರೀಕ್ಷೆಯಲ್ಲಿ ಬೇಗ ಬರೆಯಲು ಕಷ್ಟ. ಕೆಲವರಿಗೆ ಬೆನ್ನುಮೂಳೆ ಪಕ್ಕಕ್ಕೆ ಬಾಗಬಹುದು, ಸೊಂಟದ ಕೀಲಿನ ತೊಂದರೆಯೂ ಬರಬಹುದು.

ಬದಲಾವಣೆ ದಿನದಿಂದ ದಿನಕ್ಕೆ ಕಾಣಲ್ಲ. ಮಕ್ಕಳ ಸಿಎಂಟಿ ಅಳೆಯಲು ವೈದ್ಯರು 11 ಪರೀಕ್ಷೆಗಳ, ಒಟ್ಟು 44 ಅಂಕದ ಒಂದು ಪಟ್ಟಿ ಬಳಸ್ತಾರೆ. ಇದರಲ್ಲಿ ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಬೇರೆ ಬೇರೆ ದೇಶಗಳ ಮಕ್ಕಳನ್ನು ಎರಡು ವರ್ಷ ಗಮನಿಸಿದಾಗ ಸರಾಸರಿ ಎರಡೂವರೆ ಅಂಕದ ಆಸುಪಾಸು ಮಾತ್ರ ಏರಿತ್ತು. ಇಷ್ಟು ನಿಧಾನ ಆಗೋದರಿಂದಲೇ ಮನೆಯವರ ಕಣ್ಣಿಗೆ ಬೀಳೋದು ತಡ. ವರ್ಷಕ್ಕೊಮ್ಮೆ ಮಗು ನಡೆಯೋದನ್ನು ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ವ್ಯತ್ಯಾಸ ಗೊತ್ತಾಗುತ್ತೆ. ಡಾಕ್ಟರಿಗೂ ಅದು ತುಂಬಾ ಉಪಯೋಗ.

ಪಾದ ಸೊಟ್ಟಗಾಗೋದು ಹೇಗೆ?

ಜಾತ್ರೆಯಲ್ಲಿ ಪೆಂಡಾಲ್ ಕಂಬ ನಿಲ್ಲಿಸುವಾಗ ನಾಲ್ಕೂ ಕಡೆಯಿಂದ ಹಗ್ಗ ಬಿಗೀತಾರೆ. ಒಂದು ಕಡೆ ಹಗ್ಗ ಸಡಿಲವಾದರೆ ಕಂಬ ಇನ್ನೊಂದು ಕಡೆಗೆ ವಾಲುತ್ತೆ. ಪಾದವೂ ಅಷ್ಟೇ. ಪಾದವನ್ನು ಮೇಲಕ್ಕೆತ್ತುವ, ಹೊರಕ್ಕೆ ತಿರುಗಿಸುವ ಸ್ನಾಯುಗಳು ಮೊದಲು ಸೋಲುತ್ತವೆ. ಒಳಕ್ಕೆ ಎಳೆಯುವ, ಕೆಳಕ್ಕೆ ಒತ್ತುವ ಸ್ನಾಯುಗಳಲ್ಲಿ ಇನ್ನೂ ಬಲ ಇರುತ್ತೆ. ಈ ಜಗ್ಗಾಟದಲ್ಲಿ ಪಾದ ಒಳಕ್ಕೆ ವಾಲಿ, ಕಮಾನು ಮೇಲೇಳುತ್ತೆ. ಪಾದದ ಒಳಗಿನ ಸಣ್ಣ ಸಣ್ಣ ಸ್ನಾಯು ಕರಗೋದರಿಂದ ಬೆರಳು ಬಾಗುತ್ತವೆ.

ಮೊದಮೊದಲು ಕೈಯಿಂದ ಹಿಡಿದು ನೇರ ಮಾಡಿದ್ರೆ ಪಾದ ನೇರವಾಗುತ್ತೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಸೊಟ್ಟಗಿರುವ ಸ್ಥಿತಿಯಲ್ಲೇ ಗಟ್ಟಿಯಾಗಿ ಬಿಡುತ್ತೆ. ಬೇಗ ತೋರಿಸಿ ಅಂತ ಹೇಳೋದು ಇದಕ್ಕೇ.

ಇನ್ನೊಂದು ವಿಷಯ, ಸ್ಪರ್ಶ. ಪಾದದ ಕೆಳಗೆ ಏನಿದೆ, ಪಾದ ಯಾವ ಕಡೆ ವಾಲಿದೆ ಅನ್ನೋ ಮಾಹಿತಿಯೂ ಇದೇ ನರಗಳಿಂದ ಮಿದುಳಿಗೆ ಹೋಗಬೇಕು. ಅದು ಕುಂದಿದಾಗ ಮಗು ಕಣ್ಣಿನ ಸಹಾಯದಿಂದ ಸಮತೋಲನ ಕಾಪಾಡಿಕೊಳ್ಳುತ್ತೆ. ಹಗಲಲ್ಲಿ ಚೆನ್ನಾಗಿ ನಡೆಯುವ ಮಗು ಕರೆಂಟ್ ಹೋದಾಗ, ಕತ್ತಲಲ್ಲಿ, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ತೂರಾಡಿದರೆ ಗಮನಿಸಿ.

ಅಂಗಡಿಯವರಿಗೆ ಮೊದಲು ಕಾಣುತ್ತೆ

ಚಪ್ಪಲಿ ಅಂಗಡಿಯವರು, ಚಪ್ಪಲಿ ಹೊಲಿದು ಕೊಡುವವರು ದಿನಾ ಹತ್ತಾರು ಜೊತೆ ಪಾದರಕ್ಷೆ ನೋಡ್ತಾರೆ. ಈ ಲಕ್ಷಣಗಳು ಅವರ ಕಣ್ಣಿಗೆ ಬೀಳೋದು ಸುಲಭ:

- ಎರಡೂ ಶೂಗಳ ಹೊರ ಅಂಚು ಮಾತ್ರ ಸವೆದಿರೋದು.
- ಪಾದದ ತುದಿ ಎಳೆದೆಳೆದು ಮುಂಭಾಗ ಕಿತ್ತು ಹೋಗಿರೋದು.
- ಹವಾಯಿ ಚಪ್ಪಲಿ ನಿಲ್ಲಲ್ಲ, ಹಿಂದೆ ಬೆಲ್ಟ್ ಇರೋದೇ ಬೇಕು ಅಂತ ಪ್ರತಿ ಸಲ ಕೇಳೋದು.
- ಪಾದದ ಮೇಲ್ಭಾಗ ಎತ್ತರ ಇರೋದರಿಂದ ಉದ್ದ ಸರಿಯಿದ್ದರೂ ಶೂ ಒಳಗೆ ಕಾಲು ಹೋಗದಿರೋದು.

ಹವಾಯಿ ಚಪ್ಪಲಿ ಕಾಲಲ್ಲಿ ನಿಲ್ಲಬೇಕಾದರೆ ಬೆರಳು ಅದನ್ನು ಹಿಡಿದಿಡಬೇಕು. ಆ ಸಣ್ಣ ಸ್ನಾಯುಗಳೇ ಸೋತಾಗ ಚಪ್ಪಲಿ ಜಾರುತ್ತೆ. ನರರೋಗ ತಜ್ಞರು ‘ಚಪ್ಪಲಿ ಜಾರುತ್ತಾ? ಜಾರಿದ್ದು ನಿನಗೆ ಗೊತ್ತಾಗುತ್ತಾ?’ ಅಂತ ಕೇಳೋದು ಸುಮ್ಮನೆ ಅಲ್ಲ. ಜಾರಿದ್ದು ಗೊತ್ತಾಗಿಯೂ ತಡೆಯೋಕೆ ಆಗದಿದ್ದರೆ ಶಕ್ತಿ ಕಡಿಮೆ ಇದೆ ಅಂತ. ಜಾರಿದ್ದೇ ಗೊತ್ತಾಗದಿದ್ದರೆ ಸ್ಪರ್ಶವೂ ಕಡಿಮೆಯಾಗಿದೆ ಅಂತ.

ಹಾಗಂತ ಗಿರಾಕಿಗೆ ‘ನಿಮ್ಮ ಮಗೂಗೆ ಕಾಯಿಲೆ ಇದೆ’ ಅಂತ ಹೇಳೋದು ಬೇಡ. ‘ಎರಡೂ ಶೂ ಒಂದೇ ಕಡೆ ಸವೀತಿದೆ, ಒಂದ್ಸಲ ಡಾಕ್ಟರಿಗೆ ತೋರಿಸಿ’ ಅಂದ್ರೆ ಸಾಕು. ಇಂಥ ಮಕ್ಕಳಿಗೆ ಕೊಡುವಾಗ ಹಿಮ್ಮಡಿ ಗಟ್ಟಿಯಾಗಿರುವ, ಮುಂಭಾಗ ಅಗಲ ಇರುವ, ಹಗುರವಾದ, ವೆಲ್ಕ್ರೋ ಪಟ್ಟಿಯ ಶೂ ಒಳ್ಳೆಯದು. ಒಳಗಿನ ಮೆತ್ತೆ ತೆಗೆಯುವಂತಿದ್ದರೆ ಇನ್ನೂ ಅನುಕೂಲ, ಯಾಕಂದ್ರೆ ಮುಂದೆ ಸ್ಪ್ಲಿಂಟ್ ಹಾಕಿದಾಗ ಅದೇ ಶೂನಲ್ಲಿ ಜಾಗ ಸಿಗುತ್ತೆ. ‘ಬೆಳೆಯೋ ಮಗು’ ಅಂತ ಎರಡು ಸೈಜ್ ದೊಡ್ಡದು ಕೊಡೋದು ಮಾತ್ರ ಬೇಡ. ಎಡವೋ ಮಗು ಅದರಲ್ಲಿ ಇನ್ನಷ್ಟು ಎಡವುತ್ತೆ.

ಪೋಲಿಯೋನಾ? ಅಲ್ಲ

ಕಾಲು ಸಣ್ಣಗಾದ ತಕ್ಷಣ ಊರ ಕಡೆ ಮೊದಲು ಬರೋ ಮಾತು ಪೋಲಿಯೋ. ಭಾರತದಲ್ಲಿ ಕಾಡು ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ ಬಂದಿದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರವೂ ಸಿಕ್ಕಿತು. ಪೋಲಿಯೋ ಜ್ವರದ ಜೊತೆ ಏಕಾಏಕಿ ಬರುತ್ತೆ, ಹೆಚ್ಚಾಗಿ ಒಂದು ಕಾಲಿಗೆ ಜಾಸ್ತಿ ಹೊಡೆಯುತ್ತೆ, ಸ್ಪರ್ಶ ಹೋಗಲ್ಲ. ಸಿಎಂಟಿ ನಿಧಾನವಾಗಿ, ಎರಡೂ ಕಾಲಿಗೆ ಬರುತ್ತೆ, ವರ್ಷ ಕಳೆದಂತೆ ಮುಂದುವರಿಯುತ್ತೆ.

ಇನ್ನೊಂದು ಡುಶೆನ್ ಎಂಬ ಸ್ನಾಯು ಕಾಯಿಲೆ. ಅದು ಬಹುತೇಕ ಗಂಡು ಮಕ್ಕಳಿಗೆ ಬರೋದು. ಅದರಲ್ಲಿ ಮೀನಖಂಡ ದಪ್ಪ ಕಾಣುತ್ತೆ, ನೆಲದಿಂದ ಏಳುವಾಗ ಮಗು ತನ್ನ ತೊಡೆ ಮೇಲೆ ಕೈಯೂರಿ ಏಳುತ್ತೆ. ಸಿಎಂಟಿಯಲ್ಲಿ ಮೀನಖಂಡ ಸಣ್ಣಗಾಗುತ್ತೆ.

ಕುಷ್ಠರೋಗದಲ್ಲೂ ಪಾದ ಜೋತು ಬೀಳಬಹುದು. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದಕ್ಕೆ ಉಚಿತ ಔಷಧಿ ಇದೆ, ಪೂರ್ತಿ ವಾಸಿಯಾಗುತ್ತೆ. ಇನ್ನು ಕೆಲವೇ ದಿನ ಅಥವಾ ವಾರಗಳಲ್ಲಿ ಎರಡೂ ಕಾಲಿನ ಶಕ್ತಿ ಹೋದರೆ ಅದು ಸಿಎಂಟಿ ಅಲ್ಲ, ತುರ್ತು ಪರಿಸ್ಥಿತಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯಲ್ಲೇ ಗಮನಿಸಬಹುದಾದ ನಾಲ್ಕು ವಿಷಯ

5 ವರ್ಷ ದಾಟಿದ ಮಕ್ಕಳಲ್ಲಿ ಇದನ್ನು ನೋಡಬಹುದು. ಆಟದ ಥರ ಮಾಡಿಸಿ, ಹೆದರಿಸಬೇಡಿ.

1. ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ನಡೆಸಿ. ಪಾದದ ಮುಂಭಾಗ ಎತ್ತಲು ಆಗ್ತಿದೆಯಾ?
2. ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಸಿ.
3. ಒಂಟಿ ಕಾಲಲ್ಲಿ ಕೆಲವು ಸೆಕೆಂಡ್ ನಿಲ್ಲಿಸಿ. ಪಕ್ಕದಲ್ಲೇ ನೀವಿರಿ.
4. ಪಾದ ಒದ್ದೆ ಮಾಡಿ ಒಣ ಸಿಮೆಂಟ್ ನೆಲದ ಮೇಲೆ ಹೆಜ್ಜೆ ಇಡಿಸಿ. ಹಿಮ್ಮಡಿ ಮತ್ತು ಮುಂಭಾಗ ಮಾತ್ರ ಅಚ್ಚಾಗಿ ನಡುವೆ ಖಾಲಿ ಇದ್ದರೆ ಕಮಾನು ಎತ್ತರ ಇದೆ ಅಂತ ಅರ್ಥ.

ಇದರಲ್ಲಿ ಒಂದು ಆಗದಿದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಆದರೆ ಎರಡೂ ಕಾಲಲ್ಲಿ ಆಗದಿದ್ದರೆ, ಆರು ತಿಂಗಳ ಹಿಂದೆ ಆಗ್ತಿದ್ದದ್ದು ಈಗ ಆಗದಿದ್ದರೆ, ಅಥವಾ ಮನೆಯಲ್ಲಿ ಬೇರೆಯವರಿಗೂ ಇಂಥದೇ ಪಾದ ಇದ್ದರೆ ತಡ ಮಾಡಬೇಡಿ.

ಯಾರಿಂದ ಬಂತು ಅನ್ನೋ ಜಗಳ ಬೇಡ

ವಂಶಪಾರಂಪರ್ಯ ಅಂದ ತಕ್ಷಣ ಮನೆಗಳಲ್ಲಿ ಬೆರಳು ಹೆಚ್ಚಾಗಿ ತಾಯಿ ಕಡೆಗೇ ತಿರುಗುತ್ತೆ. ಇದು ಸರಿಯಲ್ಲ. ಸಿಎಂಟಿಯ ಹೆಚ್ಚು ಸಾಮಾನ್ಯ ವಿಧ 1ಎ. 17ನೇ ವರ್ಣತಂತುವಿನ ಒಂದು ಸಣ್ಣ ಭಾಗ ಎರಡು ಸಲ ನಕಲಾಗಿರೋದೇ ಇದಕ್ಕೆ ಕಾರಣ ಅಂತ 1991ರಲ್ಲಿ ಗೊತ್ತಾಯಿತು. ಇದು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವೊಮ್ಮೆ ತಂದೆ ತಾಯಿ ಇಬ್ಬರಿಗೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಶುರುವಾಗುತ್ತೆ.

ಇನ್ನೊಂದು ವಿಧ ಎಕ್ಸ್ ವರ್ಣತಂತುವಿನ ಮೂಲಕ ಬರುತ್ತೆ. ಅದರಲ್ಲಿ ತಂದೆಗೆ ಇದ್ದರೆ ಗಂಡು ಮಕ್ಕಳಿಗೆ ಬರಲ್ಲ, ಎಲ್ಲ ಹೆಣ್ಣು ಮಕ್ಕಳಿಗೂ ಆ ವಂಶವಾಹಿ ಹೋಗುತ್ತೆ.

ಮೂರನೇ ವಿಧದಲ್ಲಿ ತಂದೆ ತಾಯಿ ಇಬ್ಬರೂ ಆರೋಗ್ಯವಾಗಿರ್ತಾರೆ, ಆದರೆ ಇಬ್ಬರಲ್ಲೂ ಒಂದೇ ದೋಷ ಅಡಗಿರುತ್ತೆ. ಆಗ ಪ್ರತಿ ಮಗುವಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆ ಮಗ, ಮಾವನ ಮಗಳು ಅಂತ ಸಂಬಂಧದೊಳಗೇ ಮದುವೆ ಆದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು. ಈ ವಿಧ ಕೆಲವೊಮ್ಮೆ ಬೇಗ ಶುರುವಾಗಿ ಜಾಸ್ತಿ ತೊಂದರೆ ಕೊಡುತ್ತೆ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಮುಂದಿನ ಮದುವೆ, ಮುಂದಿನ ಮಗುವಿಗೆ ಮೊದಲು ವಂಶವಾಹಿ ತಜ್ಞರ ಸಲಹೆ ಪಡೆಯೋದು ಒಳ್ಳೆಯದು.

ಮಗುವನ್ನು ತೋರಿಸಲು ಹೋದಾಗ ಡಾಕ್ಟರು ತಂದೆ ತಾಯಿಯ ಪಾದವನ್ನೂ ನೋಡ್ತಾರೆ. ಎಷ್ಟೋ ಸಲ ‘ನಮ್ಮಪ್ಪನ ಕಾಲೂ ಹೀಗೇ ಇತ್ತು’ ಅನ್ನೋ ಮಾತು ಬರೋದು ಅವಾಗಲೇ.

ಎಲ್ಲಿ ತೋರಿಸಬೇಕು?

ಮೊದಲು ತಾಲೂಕು ಆಸ್ಪತ್ರೆಯ ಮಕ್ಕಳ ತಜ್ಞರು. ಇನ್ನೊಂದು ದಾರಿ ಶಾಲೆ, ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹುಟ್ಟಿದಾಗಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡ್ತಾರೆ. ತಂಡ ಬಂದಾಗ ಮಗುವಿನ ನಡಿಗೆ ಬಗ್ಗೆ ಶಿಕ್ಷಕರೇ ಹೇಳಬಹುದು. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ, ಅಗತ್ಯ ಇದ್ದರೆ ನರರೋಗ ತಜ್ಞರಿಗೆ ಕಳಿಸ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ನರ-ಸ್ನಾಯು ಕಾಯಿಲೆಗಳನ್ನು ನೋಡುವ ತಜ್ಞರಿದ್ದಾರೆ.

ಅಲ್ಲಿ ನರದ ವೇಗ ಅಳೆಯುವ ಪರೀಕ್ಷೆ ಮಾಡ್ತಾರೆ. ಚರ್ಮದ ಮೇಲೆ ಸಣ್ಣ ಶಾಕ್ ಕೊಟ್ಟು ನೋಡ್ತಾರೆ, ಸ್ವಲ್ಪ ಚುರುಕ್ ಅನ್ನುತ್ತೆ, ಅಪಾಯ ಇಲ್ಲ. ಆಮೇಲೆ ರಕ್ತದಿಂದ ವಂಶವಾಹಿ ಪರೀಕ್ಷೆ. ಹೋಗುವಾಗ ಹಳೇ ಶೂ ಒಂದು ಜೊತೆ, ನಡಿಗೆಯ ವಿಡಿಯೋ, ಮನೆಯಲ್ಲಿ ಇನ್ಯಾರಿಗೆ ಇಂಥ ಕಾಲು ಇದೆ ಅನ್ನೋ ಪಟ್ಟಿ ತಗೊಂಡು ಹೋಗಿ.

ಚಿಕಿತ್ಸೆ ಏನು?

*ಎಳೆತದ ವ್ಯಾಯಾಮ:* ಮೀನಖಂಡ ಬಿಗಿಯಾಗದಂತೆ ದಿನಾ ಮಾಡಬೇಕಾದ್ದು. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿತರೆ ಮನೆಯಲ್ಲೇ ಮಾಡಿಸಬಹುದು, ಖರ್ಚಿಲ್ಲ.

*ಬಲ ಹೆಚ್ಚಿಸುವ ವ್ಯಾಯಾಮ:* ‘ವೀಕ್ ಇರೋ ಕಾಲಿಗೆ ವ್ಯಾಯಾಮ ಮಾಡಿಸಿದ್ರೆ ಇನ್ನೂ ಹಾಳಾಗುತ್ತೆ’ ಅನ್ನೋ ಭಯ ಹಿಂದೆ ವೈದ್ಯರಲ್ಲೂ ಇತ್ತು. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 6ರಿಂದ 17 ವರ್ಷದ 60 ಮಕ್ಕಳನ್ನು ನೋಡಿದರು. ಪಾದ ಎತ್ತುವ ಸ್ನಾಯುವಿಗೆ ವಾರಕ್ಕೆ ಮೂರು ಸಲ, ಆರು ತಿಂಗಳು, ಹಂತ ಹಂತವಾಗಿ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿದ ಮಕ್ಕಳಲ್ಲಿ ಎರಡು ವರ್ಷದ ಕೊನೆಗೆ ಶಕ್ತಿ ಕುಗ್ಗೋದು ಕಡಿಮೆಯಾಗಿತ್ತು, ಹಾನಿಯೂ ಆಗಿರಲಿಲ್ಲ. ಕಾಯಿಲೆ ಹೋಗಲಿಲ್ಲ, ಆದರೆ ಇಳಿಯೋ ವೇಗ ತಗ್ಗಿತು. ಇದನ್ನೂ ತಜ್ಞರು ಹೇಳಿದಷ್ಟೇ ಮಾಡಬೇಕು.

*ಸ್ಪ್ಲಿಂಟ್:* ಮೀನಖಂಡದ ಹಿಂದಿನಿಂದ ಪಾದದ ಕೆಳಗಿನವರೆಗೆ ಬರುವ ಪ್ಲಾಸ್ಟಿಕ್ ಆಧಾರ. ಪಾದ ಜೋತು ಬೀಳದಂತೆ ಹಿಡಿಯುತ್ತೆ, ಎಡವೋದು ಕಡಿಮೆಯಾಗುತ್ತೆ. ಅಳತೆ ತಗೊಂಡೇ ಮಾಡಿಸಬೇಕು, ಮಗು ಬೆಳೆದಂತೆ ಬದಲಾಯಿಸಬೇಕು. ದಿನಾ ತೆಗೆದ ಮೇಲೆ ಚರ್ಮ ಕೆಂಪಾಗಿದೆಯಾ ನೋಡಿ. ಸ್ಪರ್ಶ ಕಡಿಮೆ ಇರೋ ಮಗುವಿಗೆ ಹುಣ್ಣಾದರೂ ನೋವು ಗೊತ್ತಾಗಲ್ಲ.

*ಶಸ್ತ್ರಚಿಕಿತ್ಸೆ:* ಎಲ್ಲರಿಗೂ ಬೇಕಾಗಲ್ಲ. ಬಲ ಇರುವ ಸ್ನಾಯುವಿನ ಪಟ್ಟಿಯನ್ನು ಜಾಗ ಬದಲಿಸಿ ಜೋಡಿಸಿದರೆ ಪಾದ ಎತ್ತಲು ನೆರವಾಗುತ್ತೆ. ಪಾದ ಇನ್ನೂ ಗಟ್ಟಿಯಾಗದೆ ಇರುವಾಗ ಆಯ್ಕೆಗಳು ಜಾಸ್ತಿ. ತೀರಾ ಗಟ್ಟಿಯಾದ ಮೇಲೆ ಮೂಳೆಯನ್ನೇ ಕತ್ತರಿಸಿ ಸರಿಪಡಿಸಬೇಕಾಗುತ್ತೆ.

ಇವುಗಳ ಬಗ್ಗೆ ಎಚ್ಚರ

ಎಣ್ಣೆ ಹಚ್ಚಿ ಮೃದುವಾಗಿ ನೀವೋದರಿಂದ ಮಗುವಿಗೆ ಹಿತ ಅನ್ನಿಸಬಹುದು, ತಪ್ಪಿಲ್ಲ. ಆದರೆ ಅದರಿಂದ ನರ ಬೆಳೆಯಲ್ಲ. ಜೋರಾಗಿ ತಿರುಚಿ ‘ಸೊಟ್ಟ ಬಿಡಿಸ್ತೀವಿ’ ಅನ್ನುವವರ ಹತ್ತಿರ ಹೋಗಬೇಡಿ. ಬಿಸಿ ಇಟ್ಟಿಗೆ, ಉಪ್ಪಿನ ಗಂಟಿನ ಕಾವು ಕೊಟ್ಟರೆ ಸ್ಪರ್ಶವಿಲ್ಲದ ಪಾದ ಸುಟ್ಟರೂ ಮಗುವಿಗೆ ತಿಳಿಯದು.

‘ನರಕ್ಕೆ ಟಾನಿಕ್’ ಅಂತ ಸಾವಿರಾರು ರೂಪಾಯಿ ಸುರಿಯೋ ಮುಂಚೆ ಒಂದು ವಿಷಯ ತಿಳಿದಿರಲಿ. ವಿಟಮಿನ್ ಸಿ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳಲ್ಲಿ ಸುಧಾರಣೆ ಕಂಡಿತ್ತು. ಆಸ್ಟ್ರೇಲಿಯಾದಲ್ಲಿ 81 ಮಕ್ಕಳ ಮೇಲೆ ಒಂದು ವರ್ಷ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ.

ಎಲ್ಲಕ್ಕಿಂತ ಮುಖ್ಯ: ಸಿಎಂಟಿ ಇರುವವರಿಗೆ ಯಾವ ಆಸ್ಪತ್ರೆಗೆ ಹೋದರೂ ಅದನ್ನು ಮೊದಲೇ ಹೇಳಬೇಕು. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಇವರ ನರಗಳನ್ನು ತೀವ್ರವಾಗಿ ಹಾಳು ಮಾಡಬಹುದು.

ಶಾಲೆ ಮತ್ತು ಸರ್ಕಾರದಿಂದ ಏನು ಸಿಗುತ್ತೆ?

ಇಂಥ ಮಗುವನ್ನು ಪಿಟಿ ಅವಧಿಯಲ್ಲಿ ಮೂಲೆಗೆ ಕೂರಿಸೋದೂ ಬೇಡ, ಓಟದಲ್ಲಿ ಕೊನೇಲಿ ಬಂತು ಅಂತ ಶಿಕ್ಷೆ ಕೊಡೋದೂ ಬೇಡ. ಸೈಕಲ್, ಈಜು ಇವರಿಗೆ ಒಗ್ಗುವ ಆಟಗಳು. ನೆಲ ಮಹಡಿಯಲ್ಲಿ ತರಗತಿ, ಎರಡನೇ ಜೊತೆ ಪುಸ್ತಕ ಶಾಲೆಯಲ್ಲೇ ಇಡಲು ಜಾಗ, ಕೈ ಸೋತಿದ್ದರೆ ಬರೆಯಲು ಹೆಚ್ಚು ಸಮಯ ಕೊಟ್ಟರೆ ದೊಡ್ಡ ಸಹಾಯ. ತಾಲೂಕಿನ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ. ಚಲನೆಯ ತೊಂದರೆ, ದೀರ್ಘಕಾಲದ ನರ ಸಮಸ್ಯೆ ಎರಡೂ ಅದರಲ್ಲಿವೆ. ವೈದ್ಯರ ಪರೀಕ್ಷೆಯಲ್ಲಿ ಶೇ 40ಕ್ಕಿಂತ ಕಡಿಮೆ ಇಲ್ಲದಷ್ಟು ಅಂಗವೈಕಲ್ಯ ಅಂತ ಬಂದರೆ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ ಸಿಗುತ್ತೆ. ಇದಕ್ಕೆ ಯುಡಿಐಡಿ ಕಾರ್ಡ್ ಮಾಡಿಸಬೇಕು. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯದ ಮಿತಿಯೊಳಗೆ ಇರುವವರಿಗೆ ಸ್ಪ್ಲಿಂಟ್‌ನಂಥ ಸಾಧನಗಳೂ ಸಿಗುತ್ತವೆ. ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ ಅವರನ್ನು ಭೇಟಿ ಮಾಡಿ. ಅವರ ಕೆಲಸವೇ ಇದು, ಮಧ್ಯವರ್ತಿಗಳಿಗೆ ಹಣ ಕೊಡಬೇಕಿಲ್ಲ.

ಮುಂದೆ ಏನಾಗುತ್ತೆ?

ಪೋಷಕರ ದೊಡ್ಡ ಪ್ರಶ್ನೆ ಇದೇ. ಸಿಎಂಟಿಯ ಸಾಮಾನ್ಯ ವಿಧಗಳಲ್ಲಿ ಆಯಸ್ಸು ಕಡಿಮೆಯಾಗಲ್ಲ. ಬುದ್ಧಿಗೆ ತೊಂದರೆ ಇಲ್ಲ. ಇವರಲ್ಲಿ ಬಹುಪಾಲು ಜನ ಕೊನೆವರೆಗೂ ನಡೀತಾರೆ, ಕೆಲವರು ಸ್ಪ್ಲಿಂಟ್ ಅಥವಾ ಕೋಲಿನ ಸಹಾಯದಿಂದ. ಗಾಲಿಕುರ್ಚಿ ಬೇಕಾಗುವವರು ಕಡಿಮೆ. ಓದು, ಕೆಲಸ, ಮದುವೆ, ಮಕ್ಕಳು ಎಲ್ಲವೂ ಸಾಧ್ಯ. ದಿನಪೂರ್ತಿ ನಿಂತು ಮಾಡುವ ಅಥವಾ ಭಾರ ಹೊರುವ ಕೆಲಸ ಕಷ್ಟ. ಹಾಗಾಗಿ ಕೂತು ಮಾಡುವ ಕೆಲಸಕ್ಕೆ ಬೇಕಾದ ಓದು, ಕಸುಬಿನ ಕಡೆ ಹೈಸ್ಕೂಲ್ ಹೊತ್ತಿಗೇ ಯೋಚಿಸೋದು ಜಾಣತನ.

ಮಗುವಿನ ಶೂ ಬಾಗಿಲ ಹತ್ತಿರವೇ ಬಿದ್ದಿರುತ್ತೆ. ಇವತ್ತು ಸಂಜೆ ಅದನ್ನು ಒಮ್ಮೆ ಮಗುಚಿ ಅಡಿಭಾಗ ನೋಡಿ. ಎರಡರಲ್ಲೂ ಹೊರ ಅಂಚು ಮಾತ್ರ ಸವೆದಿದ್ದರೆ, ಜೊತೆಗೆ ಮೇಲೆ ಹೇಳಿದ ಎಡವೋದು, ಉಳುಕೋದು ಇದ್ದರೆ, ತಾಲೂಕು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಒಂದು ಚೀಟಿ ಮಾಡಿಸಿ. ಶೂ ಚೀಲಕ್ಕೆ ಹಾಕಿಕೊಂಡು ಹೋಗೋದು ಮರೀಬೇಡಿ.